ಕೊಂಡ ಅನ್ನವೂ ಕೊಡುವ ಕೈಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕೆಂಚನಗುಡ್ಡದಲ್ಲಿ ಕೂಡಿದ ಭಕ್ತರ ಸಭೆಯಲ್ಲಿ ಮಾಡಿದ ಭಾಷಣ)

 

ಶ್ರೀಮಠದ ಮಹೋತ್ಸವದಂಥ ಮಂಗಳ ಸಮಯದಲ್ಲಿ ಅಷ್ಟಾವರಣವನ್ನಾಗಲಿ ಷಟ್‌ಸ್ಥಲವನ್ನಾಗಲಿ ಕುರಿತು ಮಾತನಾಡುವುದು ವಾಡಿಕೆ. ಆ ಮಹಾವಿಷಯಗಳನ್ನು ವಿವರಿಸಬಲ್ಲ ಅನುಭಾವಿಗಳು ಈ ವೇದಿಕೆಯ ಮೇಲೆಯೇ ಇರುವರು. ನಾನು ಒಕ್ಕಲು ಮನೆತನದವನು. ನನಗೆ ತಿಳಿದುದು ಗದ್ದೆ, ಕಣಜ, ಒಲೆ ಇಷ್ಟೆ. ಆದಕಾರಣ ಶ್ರೀಗಳವರ ಅಪ್ಪಣೆಯನ್ನು ಪಡೆದು ಒಂದು ಚಿಕ್ಕ ವಿಷಯವನ್ನು ತಮ್ಮ ಮುಂದೆ ವಿಜ್ಞಾಪಿಸಿಕೊಳ್ಳುವೆನು. ಮನೆಯಲ್ಲಿ ಸುಲಭವಾಗಿ ಮಾಡಿಕೊಳ್ಳಬಹುದಾದ ತಿನಿಸುಗಳನ್ನು ನಾವು ಅಂಗಡಿಯಿಂದ ದುಡ್ಡು ಕೊಟ್ಟು ತರುವ ರೂಢಿಗೆ ಬಿದ್ದಿರುವೆವಲ್ಲ, ಅದೇ ಆ ವಿಷಯವು. ಮಠದ ಸಭೆಯಲ್ಲಿ ಅಡಿಗೆಮನೆಯ ಮಾತೇಕೆಂದು ಯಾರಾದರೂ ನಕ್ಕಾರು. ದಾಸೋಹವು ಹುಟ್ಟುವುದು ಅಡಿಗೆಮನೆಯಲ್ಲಿಯೇ ಎಂಬುದನ್ನು ನೆನೆದರೆ ಆ ನಗೆಯು ತಾನೇ ನಿಲ್ಲುವುದು.

ಮೊದಲು ನನ್ನ ಮನೆಯ ತಪ್ಪನ್ನೇ ನಿವೇದಿಸುವೆನು. ಒಂದು ವೈಶಾಖದ ಮಧ್ಯಾಹ್ನ. ನಮ್ಮ ಬಳ್ಳಾರಿ ಸೀಮೆಯ ಬೇಸಗೆಯು ಹೇಗಿರುವುದೆಂದು ತಮಗೆ ಹೇಳಬೇಕಾದುದಿಲ್ಲ. ಬಿಸಿಲು 40 ಡಿಗ್ರಿಯನ್ನು ದಾಟಿ, ಹೊಳೆಯ ಕಡೆಯ ಗಾಳಿಯೂ ಕಾದಿದ್ದಿತು. ಅಂಥ ಹೊತ್ತಿನಲ್ಲಿ ವಯೋವೃದ್ಧರಾದ ಜಂಗಮರೊಬ್ಬರು ನಮ್ಮ ಬಾಗಿಲಿಗೆ ಬಂದು, ಕಟ್ಟೆಯ ಮೇಲೆ ಕುಳಿತು, "ತಾಯಿ, ಒಂದು ಬಟ್ಟಲು ಮಜ್ಜಿಗೆ ಇದ್ದರೆ ಕೊಡು" ಎಂದರು. ಮನೆಯಲ್ಲಿ ಮಜ್ಜಿಗೆ ಇರಲಿಲ್ಲ. ದಿನವೂ ಬೆಳಗಿನಲ್ಲಿ ತರುತ್ತಿದ್ದ ಎರಡು ಪೊಟ್ಟಣಗಳು ಊಟಕ್ಕೇ ತೀರಿದ್ದುವು. ಅಂಗಡಿಯವನು ಬಾಗಿಲೆಳೆದುಕೊಂಡು ಮಲಗಿದ್ದನು. ನೆರೆಮನೆಗೆ ಹುಡುಗನನ್ನು ಕಳುಹಿಸಲಾಗಿ ಅಲ್ಲಿಯೂ ಪೊಟ್ಟಣವೇ, ಅದೂ ಮುಗಿದಿದ್ದಿತು. ಕಡೆಗೆ ನೀರನ್ನು ಕೊಟ್ಟೆವು. ಆ ಹಿರಿಯರು ಪ್ರಸನ್ನರಾಗಿಯೇ ನೀರನ್ನು ಸ್ವೀಕರಿಸಿ ಹರಸಿ ಹೋದರು. ಆದರೆ ಆ ಹೊತ್ತಿನಲ್ಲಿ ನಮ್ಮ ಹಿತ್ತಲಿನಲ್ಲಿ ಎರಡು ಎಮ್ಮೆಗಳು ಮೆಲುಕು ಹಾಕುತ್ತಿದ್ದುವು! ಹಾಲೆಲ್ಲವನ್ನೂ ಬೆಳಗಾಗುತ್ತಲೇ ಅಳೆದುಕೊಟ್ಟು, ಆ ದುಡ್ಡಿನಲ್ಲಿಯೇ ಸ್ವಲ್ಪವನ್ನು ತೆಗೆದು ಮಜ್ಜಿಗೆಯನ್ನು ಕೊಂಡುತರುವ ಮನೆ ನಮ್ಮದಾಗಿದ್ದಿತು.

ನಾನು ಸಿಟ್ಟಿನಿಂದ ನನ್ನ ಮನೆಯವರನ್ನು ಕೇಳಿದೆನು, "ಇಷ್ಟು ಎಮ್ಮೆಗಳಿದ್ದೂ ಒಂದು ಗಡಿಗೆ ಮೊಸರನ್ನು ಹೆಪ್ಪಿಡಬಾರದಾಗಿತ್ತೆ?" ಆಕೆಯು ಶಾಂತಳಾಗಿಯೇ ಉತ್ತರವಿತ್ತಳು: "ಹಾಲನ್ನು ಒಂದು ತೊಟ್ಟೂ ಬಿಡದೆ ಅಳೆಯಿರೆಂದು ಹೇಳಿದವರು ನೀವು. ಐದು ಗಂಟೆಗೆ ಎದ್ದು ಹಿಂಡುವವಳು ನಾನು. ಮಜ್ಜಿಗೆ ಕಡೆಯುವ ಕೆಲಸವೂ ನನ್ನದೇ ಎಂದು ನೀವು ಬಗೆದಿರುವಿರಿ. ನಿಮ್ಮ ಕೈಗೆ ಕಡೆಗೋಲು ಹಿಡಿಯಲು ಬಾರದೆ?" ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಈ ವಿಷಯವನ್ನು ನಾನು ಯೋಚಿಸುತ್ತಿರುವೆನು. ಆ ಯೋಚನೆಯ ಫಲವನ್ನೇ ಇಂದು ತಮ್ಮೆದುರಿಗೆ ಇಡುತ್ತಿರುವುದು.

ಶರಣಬಂಧುಗಳೇ, ಮೊದಲು ದುಡ್ಡಿನ ಲೆಕ್ಕವನ್ನು ನೋಡೋಣ. ನಮ್ಮದು ಭತ್ತದ ಸೀಮೆ. ವಿಜಯನಗರದ ಅರಸರ ಕಾಲದಿಂದಲೂ ಸಿರುಗುಪ್ಪ, ದೇಶನೂರು ಕಾಲುವೆಗಳು ತುಂಗಭದ್ರೆಯ ನೀರನ್ನು ಈ ನೆಲಕ್ಕೆ ಉಣಿಸಿವೆ. 1953ರಲ್ಲಿ ಅಣೆಕಟ್ಟಿನ ನೀರು ಹರಿದ ಮೇಲಂತೂ ಗದ್ದೆಗಳು ಇಮ್ಮಡಿ ಮುಮ್ಮಡಿಯಾದುವು. ಸೋನಾ ಮಸೂರಿ ಅಕ್ಕಿಗೆ ನಮ್ಮ ಸೀಮೆಯ ಹೆಸರನ್ನು ದೂರದೂರದ ವರ್ತಕರೂ ಬಲ್ಲರು. ಇಂಥ ಊರಿನಲ್ಲಿ ಇಂದು ಇಡ್ಲಿ ದೋಸೆಗಳ ರುಬ್ಬಿದ ಹಿಟ್ಟು ಪೊಟ್ಟಣದಲ್ಲಿ ಮಾರಾಟಕ್ಕೆ ಬಂದಿರುವುದು. ಅದರೊಳಗೆ ಏನಿರುವುದೆಂದು ಬಿಚ್ಚಿ ನೋಡಿರಿ. ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದು, ಹೀಗೆ ಒಂದು ಕಿಲೋ ಧಾನ್ಯವನ್ನು ನೆನೆಹಾಕಿ ರುಬ್ಬಿದರೆ ಸುಮಾರು ಎರಡೂವರೆ ಕಿಲೋ ಹಿಟ್ಟಾಗುವುದು. ಅಂದರೆ ನಾವು ಕೊಳ್ಳುವ ಒಂದು ಕಿಲೋ ಹಿಟ್ಟಿನಲ್ಲಿ ಧಾನ್ಯವು 400 ಗ್ರಾಮಿನಷ್ಟು; ಉಳಿದುದು ನೀರು. ತುಂಗಭದ್ರೆಯ ದಂಡೆಯ ಮೇಲೆ ಕುಳಿತು, ನಾವೇ ಬೆಳೆದ ಅಕ್ಕಿಯನ್ನು ಮಾರಿ, ಅದೇ ಅಕ್ಕಿಯನ್ನು ನೀರಿನ ಸಮೇತ ತೂಕಕ್ಕೆ ಕೊಳ್ಳುತ್ತಿರುವೆವು! ಇದರಲ್ಲಿ ನಮಗೆ ಉಳಿದುದೆಷ್ಟು, ಹೋದುದೆಷ್ಟು ಎಂಬುದನ್ನು ಅಂಗಡಿಯ ಚೀಟಿಯನ್ನು ಹಿಡಿದು ತಾವೇ ಗುಣಿಸಿ ನೋಡಬಹುದು.

ಮಜ್ಜಿಗೆಯ ಲೆಕ್ಕವೂ ಇದೇ ಬಗೆಯದು. ಒಂದು ಸೇರು ಗಟ್ಟಿ ಮೊಸರಿಗೆ ಎರಡು ಸೇರು ನೀರನ್ನು ಬೆರೆಸಿ ಕಡೆದರೆ ಮೂರು ಸೇರು ಮಜ್ಜಿಗೆ. ಚಿತ್ರಾನ್ನದ ಪುಡಿಯೆಂದು ಮಾರುವುದರಲ್ಲಿಯೂ ಅರಿಸಿನ, ಉಪ್ಪು, ಹುಳಿ, ಕಡಲೆಬೇಳೆ, ಸಾಸಿವೆಗಳಿಗಿಂತ ಹೆಚ್ಚಿನ ರಹಸ್ಯವಾವುದೂ ಇಲ್ಲ. ನಿಂಬೆಯ ಗಿಡವು ಹಿತ್ತಲಿನಲ್ಲಿ ಹಣ್ಣುದುರಿಸುತ್ತಿರುವಾಗ ಒಳಗೆ ಪುಡಿಯ ಪೊಟ್ಟಣವನ್ನು ಕತ್ತರಿಸುವ ಮನೆಗಳನ್ನು ನಾನು ಕಂಡಿರುವೆನು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೇರೊಬ್ಬರು ಮಾಡಿದುದನ್ನು ದುಡ್ಡು ಕೊಟ್ಟು ಕೊಳ್ಳುವುದೇ ದೋಷವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಶರಣಧರ್ಮಕ್ಕೇ ವಿರುದ್ಧವಾದೀತು. 12ನೆಯ ಶತಮಾನದಲ್ಲಿ ಕೊಟ್ಟಣದ ಸೋಮವ್ವೆಯೆಂಬ ಶರಣೆಯಿದ್ದಳು. ಪರರ ಭತ್ತವನ್ನು ಕುಟ್ಟಿ ಅಕ್ಕಿ ಮಾಡಿಕೊಡುವುದೇ ಆಕೆಯ ಕಾಯಕ. ಕುಟ್ಟಿಸಿಕೊಳ್ಳುವವರು ಇರದಿದ್ದರೆ ಆ ಕಾಯಕವು ನಡೆಯುವುದೆಂತು? ಇಂದು ಸಿರುಗುಪ್ಪದ ಅಕ್ಕಿಯ ಗಿರಣಿಗಳು ಆ ಕೆಲಸವನ್ನು ಮಾಡುತ್ತಿವೆ. ಮತ್ತೆ ಒನಕೆಯನ್ನು ಹಿಡಿಯಿರೆಂದು ತಾಯಂದಿರಿಗೆ ನಾವು ಯಾರೂ ಹೇಳುವುದಿಲ್ಲ, ಹೇಳಲೂ ಬಾರದು. ನಮ್ಮ ಉತ್ತರದ ಜಿಲ್ಲೆಗಳ ಪಟ್ಟಣಗಳಲ್ಲಿ ಖಾನಾವಳಿಗಳಿವೆ. ದಿಕ್ಕಿಲ್ಲದ ಎಷ್ಟೋ ತಾಯಂದಿರು ರೊಟ್ಟಿ ಪಲ್ಯಗಳನ್ನು ಮಾಡಿ ಬಡಿಸಿ, ಅದರ ಆದಾಯದಿಂದ ಮಕ್ಕಳನ್ನು ಓದಿಸಿರುವರು. 2000ನೆಯ ಇಸವಿಯಲ್ಲಿ ಸರ್ಕಾರದವರು ಸ್ತ್ರೀಶಕ್ತಿ ಸಂಘಗಳನ್ನು ಆರಂಭಿಸಿದ ಮೇಲೆ, ಹಳ್ಳಿಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಕೂಡಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳನ್ನು ಮಾಡಿ ಮಾರುತ್ತಿರುವರು. ಇವೆಲ್ಲವೂ ಕಾಯಕಗಳೇ. ಮುದುಕರಾಗಿ ಒಂಟಿಯಾಗಿರುವವರು, ರೋಗಿಗಳ ಶುಶ್ರೂಷೆಯಲ್ಲಿರುವವರು, ಹೊತ್ತು ಹುಟ್ಟುವ ಮೊದಲೇ ಕೂಲಿಗೆ ಹೋಗುವ ತಾಯಿ, ಪರವೂರಿನಲ್ಲಿ ಒಂದೇ ಕೋಣೆಯಲ್ಲಿ ಓದುವ ಹುಡುಗ, ಇವರು ಸಿದ್ಧವಾದ ತಿನಿಸನ್ನು ಕೊಂಡರೆ ಅದನ್ನು ಕುರಿತು ಆಡುವ ಅಧಿಕಾರವು ಯಾರಿಗೂ ಇಲ್ಲ.

ಸಿದ್ಧಪುಡಿಗಳ ಚರಿತ್ರೆಯಾದರೂ ಒಂದು ಕಷ್ಟದ ಕಾಲದೊಡನೆ ಕೂಡಿಕೊಂಡಿರುವುದು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಹೋಟೆಲನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವಾದಾಗ ಅವರು ರವೆಯಿಂದ ಇಡ್ಲಿಯನ್ನು ಮಾಡಿ ಹೆಸರುಗೊಂಡರು. 1975ರಲ್ಲಿ ತುರ್ತು ಪರಿಸ್ಥಿತಿಯು ಬಂದು, ಹೋಟೆಲಿನ ತಿನಿಸುಗಳ ಬೆಲೆಯನ್ನು ಸರ್ಕಾರವು ತೀರ ಇಳಿಸಲು, ನಷ್ಟವನ್ನು ತಾಳಲಾರದೆ ಹೋಟೆಲನ್ನು ಕೆಲಕಾಲ ಮುಚ್ಚಿ, ದಿನಸಿಯ ಅಂಗಡಿಯನ್ನಿಟ್ಟು ಸಿದ್ಧಪುಡಿಗಳನ್ನು ಮಾರಿ ತಮ್ಮ ಜನರಿಗೆ ಕೆಲಸ ಕೊಟ್ಟರು. ಆ ಪುಡಿಗಳ ಉದ್ಯಮವು ಬೆಳೆಬೆಳೆದು 2007ರಲ್ಲಿ ನಾರ್ವೆ ದೇಶದ ಕಂಪನಿಯೊಂದರ ವಶವಾಯಿತು. ಇದನ್ನು ನಿಂದೆಗಾಗಿ ಹೇಳುತ್ತಿಲ್ಲ. ಮಾಡುವವರು ತಮ್ಮ ಉದ್ಯೋಗವನ್ನು ಮಾಡಿರುವರು. ನಮ್ಮ ಅಜ್ಜಿಯರು ಒರಳಿನಲ್ಲಿ ಕುಟ್ಟುತ್ತಿದ್ದ ಪುಡಿಯ ಹದವು ಹಿಮದ ದೇಶದ ವ್ಯಾಪಾರಿಗಳಿಗೆ ಬೆಲೆಯುಳ್ಳ ವಸ್ತುವಾಗಿ ಕಂಡಿತು. ಅವರಿಗೆ ಕಂಡ ಆ ಬೆಲೆಯು ನಮಗೆ ಕಾಣದೆ ಹೋಯಿತಲ್ಲ ಎಂಬುದಷ್ಟೇ ನನ್ನ ವ್ಯಥೆ.

ಹಾಗಾದರೆ ದೋಷವು ಎಲ್ಲಿರುವುದು? ಗಿರಣಿಯಲ್ಲಿ ಭತ್ತವನ್ನು ಬಡಿಸಿಕೊಂಡು ಬಂದರೆ ಮನೆಯಲ್ಲಿ ಅಕ್ಕಿಯ ಮೂಟೆ ಇರುವುದು. ಬಂದವರಿಗೆ ಒಂದು ಹಿಡಿ ಹೆಚ್ಚಾಗಿ ಬೇಯಿಸಬಹುದು. ಜೋಳಿಗೆಗೆ ಒಂದು ಬೊಗಸೆ ನೀಡಬಹುದು. ಪೊಟ್ಟಣದ ತಿನಿಸಿನ ರೀತಿಯೇ ಬೇರೆ. ಪೊಟ್ಟಣವು ಬಾಯಿಯ ಲೆಕ್ಕದಿಂದ ಬರುವುದು; ಗಡಿಗೆಯು ಮನೆಯ ಲೆಕ್ಕದಿಂದ ತುಂಬುವುದು. ಮೂರು ಜನರಿಗೆ ಮೂರು ಪೊಟ್ಟಣ ತಂದ ಮನೆಗೆ ನಾಲ್ಕನೆಯವನು ಬಂದರೆ ಅವನು ಭಾರವಾಗುವನು. ಗಡಿಗೆಯಲ್ಲಿ ಮಜ್ಜಿಗೆಯಿದ್ದ ಮನೆಗೆ ನಾಲ್ಕನೆಯವನು ಬಂದರೆ ಒಂದು ತಂಬಿಗೆ ನೀರು ಕೂಡುವುದು, ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಹಾಲನ್ನು ಮಾರುತ್ತಿದ್ದರು, ಬೆಣ್ಣೆ ತುಪ್ಪಗಳನ್ನು ಮಾರುತ್ತಿದ್ದರು. ಮಜ್ಜಿಗೆಯನ್ನು ಮಾತ್ರ ಮಾರುತ್ತಿರಲಿಲ್ಲ. ಅದು ಕೇಳಿದವರ ಸ್ವತ್ತು. ಎಮ್ಮೆಯಿಲ್ಲದ ಬಡವನೂ ಚರಿಗೆಯನ್ನು ಹಿಡಿದು ಎಮ್ಮೆಯಿದ್ದವರ ಬಾಗಿಲಿಗೆ ನಾಚಿಕೆಯಿಲ್ಲದೆ ಹೋಗುತ್ತಿದ್ದನು. ಹೆಪ್ಪಿನ ಮಾತನ್ನಂತೂ ಕೇಳುವುದೇ ಬೇಡ. ಒಂದು ಚಮಚೆಯಷ್ಟು ಹೆಪ್ಪು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹೋಗಿ ಇಡೀ ಓಣಿಯನ್ನು ಕೂಡಿಸುತ್ತಿದ್ದಿತು. ಕೊಟ್ಟವರಿಗೆ ಕಡಮೆಯಾಗುತ್ತಿರಲಿಲ್ಲ, ತೆಗೆದುಕೊಂಡವರಿಗೆ ಋಣವೆನಿಸುತ್ತಿರಲಿಲ್ಲ. ನನ್ನ ಮನೆಯಲ್ಲಿ ಜಂಗಮರು ಕೇಳಿದ ಆ ಮಧ್ಯಾಹ್ನ ನಮ್ಮ ಓಣಿಯಲ್ಲೆಲ್ಲ ಹುಡುಕಿದರೂ ಒಂದು ಬಟ್ಟಲು ಮಜ್ಜಿಗೆ ದೊರೆಯಲಿಲ್ಲ. ದುಡ್ಡಿಲ್ಲದುದರಿಂದ ಹಾಗಾಗಲಿಲ್ಲ, ಎಲ್ಲರ ಮನೆಯಲ್ಲಿಯೂ ದುಡ್ಡಿದ್ದಿತು. ಕೊಡುವ ಪದಾರ್ಥವು ಕೊಳ್ಳುವ ಪದಾರ್ಥವಾಗಿದ್ದಿತು, ಅದೇ ಕಾರಣ.

ನಾವು ಪೊಟ್ಟಣಕ್ಕೆ ತೆರುವ ಬೆಲೆಯು ಅಂಗಡಿಯ ಚೀಟಿಯಲ್ಲಿ ಬರೆದಷ್ಟೇ ಅಲ್ಲ. ಕೊಡುವ ಶಕ್ತಿಯನ್ನೂ ಅದರೊಡನೆ ಸ್ವಲ್ಪ ಸ್ವಲ್ಪವಾಗಿ ತೆರುತ್ತಿರುವೆವು. ದಾಸೋಹವೆಂಬುದು ಮಠದ ಪಾಕಶಾಲೆಯಲ್ಲಿ ಮಾತ್ರ ನಡೆಯತಕ್ಕುದೆಂದು ನಾವು ತಿಳಿದಿದ್ದರೆ ಅದು ದೊಡ್ಡ ಭ್ರಾಂತಿ. ಸಿದ್ಧಗಂಗೆಯಲ್ಲಿ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರಗಳನ್ನು ನೀಡಿದುದು ಲೋಕವಿಖ್ಯಾತ. ಆ ಅನ್ನವು ಆಕಾಶದಿಂದ ಇಳಿಯಲಿಲ್ಲ. ಭಕ್ತರ ಮನೆಗಳ ಕಣಜದಿಂದ, ಹೊಲದಿಂದ, ಹಿತ್ತಲಿನಿಂದ ಬಂದಿತು. ಮನೆಯಲ್ಲಿ ಗಡಿಗೆಯೇ ಇಲ್ಲದಿದ್ದರೆ ಮಠಕ್ಕೆ ಬರುವುದೇನು?

ಇಲ್ಲಿ ಆಯ್ದಕ್ಕಿಯ ದಂಪತಿಗಳ ಸ್ಮರಣೆಯು ಬರುವುದು. ನಮ್ಮ ಹೊಳೆಯಾಚೆಗಿನ ರಾಯಚೂರು ಸೀಮೆಯ ಲಿಂಗಸುಗೂರಿನ ಕಡೆಯವರು ಮಾರಯ್ಯ ಲಕ್ಕಮ್ಮನವರು. ಕಲ್ಯಾಣಕ್ಕೆ ಹೋಗಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸಿದರು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರಲಾಗಿ, ಲಕ್ಕಮ್ಮನು ಅದನ್ನು ಒಪ್ಪದೆ, ಬೇಕಾದಷ್ಟನ್ನೇ ಇಟ್ಟುಕೊಂಡು ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳೆಂಬ ಕಥೆಯನ್ನು ತಾವೆಲ್ಲರೂ ಪುರಾಣಶ್ರವಣದಲ್ಲಿ ಕೇಳಿರುವಿರಿ. ಆಸೆಯನ್ನು ತೊರೆದುದನ್ನು ನಾವು ಈ ಕಥೆಯಲ್ಲಿ ಕೊಂಡಾಡುವೆವು. ಇನ್ನೊಂದು ಅಂಶವನ್ನು ಗಮನಿಸುವುದಿಲ್ಲ. ಅಕ್ಕಿಯನ್ನು ಆಯುವವನು ಗಂಡನು. ಅದನ್ನು ಅಡಿಗೆ ಮಾಡುವವಳು ಹೆಂಡತಿ. ಎಷ್ಟು ಬೇಕು, ಎಷ್ಟು ಬೇಡ ಎಂಬ ವಿವೇಕವನ್ನು ಇಬ್ಬರೂ ಕೂಡಿ ನಡೆಸಿದರು. ಅವರ ಮನೆಯಲ್ಲಿ ಅನ್ನದ ಶ್ರಮವು ಒಬ್ಬರ ಹೆಗಲ ಮೇಲಿರಲಿಲ್ಲ. ಇಬ್ಬರ ಶ್ರಮದಿಂದ ಬೆಂದ ಅನ್ನವಾದುದರಿಂದಲೇ ಹಿಡಿ ಅಕ್ಕಿಯೂ ದಾಸೋಹಕ್ಕೆ ಸಾಲುತ್ತಿದ್ದಿತು.

ಈಗ ಗಂಡಸರಾದ ನಮ್ಮ ವಿಷಯವನ್ನು ನೇರವಾಗಿ ಹೇಳುವೆನು, ಯಾರೂ ನೊಂದುಕೊಳ್ಳಬಾರದು. "ಈಗಿನ ಹೆಣ್ಣುಮಕ್ಕಳಿಗೆ ಸೋಮಾರಿತನ ಹೆಚ್ಚಿತು, ಎಲ್ಲವನ್ನೂ ಅಂಗಡಿಯಿಂದ ತರುವರು" ಎಂದು ಕಟ್ಟೆಯ ಮೇಲೆ ಕುಳಿತು ಆಡುವವರು ನಾವು. ಹೀಗೆ ಆಡುವಾಗ ನಮ್ಮ ಕೈಗಳು ಏನು ಮಾಡುತ್ತಿರುವುವು? ಹತ್ತು ಜನರ ಮನೆಯಲ್ಲಿ ಒಬ್ಬಳೇ ಒಲೆಯ ಮುಂದೆ ಕುಳಿತು ಹೊಗೆಯಲ್ಲಿ ಕಣ್ಣುಜ್ಜುತ್ತ ನಾಲ್ವತ್ತು ರೊಟ್ಟಿಗಳನ್ನು ಬಡಿದ ಕಾಲವನ್ನು ನಾವು ಸುವರ್ಣಕಾಲವೆಂದು ಹೊಗಳುವೆವು. ಬಡಿದವಳನ್ನು ಕೇಳಿದರೆ ಬೇರೆ ಮಾತನ್ನೇ ಹೇಳುವಳು. ಪೊಟ್ಟಣವು ಆಕೆಗೆ ಅರ್ಧ ಗಂಟೆಯ ವಿಶ್ರಾಂತಿಯನ್ನು ತಂದಿದ್ದರೆ, ಆ ಅರ್ಧ ಗಂಟೆಯನ್ನು ಮೊದಲೇ ಕೊಡಬೇಕಾಗಿದ್ದವರು ನಾವೇ ಆಗಿದ್ದೆವು. ನಾವು ಕೊಡಲಿಲ್ಲ, ಅಂಗಡಿಯವನು ಮಾರಿದನು. ಆದಕಾರಣ ಮನೆಯ ಅಡಿಗೆಯು ಮನೆಗೆ ಮರಳಬೇಕೆಂದು ಬಯಸುವವರು ಮೊದಲು ತಾವೇ ಅಡಿಗೆಮನೆಯ ಹೊಸಿಲನ್ನು ದಾಟಬೇಕು. ಅಕ್ಕಿಯನ್ನು ನೆನೆಹಾಕಲು, ಬೆಳ್ಳುಳ್ಳಿಯನ್ನು ಸುಲಿಯಲು, ಮಜ್ಜಿಗೆಯನ್ನು ಕಡೆಯಲು ಯಾವ ದೊಡ್ಡ ವಿದ್ಯೆಯೂ ಬೇಕಾಗಿಲ್ಲ. ಇಷ್ಟಲಿಂಗವನ್ನು ಧರಿಸುವ ಅಂಗೈಗೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಸಾರಿದ ಧರ್ಮವು ನಮ್ಮದು. ಕಡೆಗೋಲನ್ನು ಹಿಡಿಯುವ ಅಂಗೈಗೆ ಆ ಭೇದವು ಎಲ್ಲಿಂದ ಬಂದಿತು?

ಇದರಲ್ಲಿ ಮುಂದಿನ ಕಾಲದ ಕ್ಷೇಮವೂ ಅಡಗಿರುವುದು. 1876ರಿಂದ 1878ರ ವರೆಗಿನ ದೊಡ್ಡ ಬರವು ನಮ್ಮ ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿದ ಸಂಗತಿಯು ಚರಿತ್ರೆಯಲ್ಲಿ ದಾಖಲಾಗಿರುವುದು. ಅಷ್ಟು ಹಿಂದೆ ಹೋಗುವುದು ಬೇಡ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ದೇಶವೆಲ್ಲವೂ ಬಾಗಿಲು ಹಾಕಿದಾಗ ಪಟ್ಟಣಗಳಿಂದ ನಮ್ಮ ಮಕ್ಕಳು ಊರಿಗೆ ಮರಳಿದರು. ಹೋಟೆಲುಗಳು ಮುಚ್ಚಿದುವು, ಅಂಗಡಿಗಳಿಗೆ ಸಾಮಾನು ಸರಿಯಾಗಿ ಬರಲಿಲ್ಲ. ಆಗ ಕಣಜದಲ್ಲಿ ಭತ್ತ, ಡಬ್ಬಿಯಲ್ಲಿ ಮೆಂತ್ಯದ ಹಿಟ್ಟು, ಕೈಯಲ್ಲಿ ಅಡಿಗೆಯ ಹದ, ಈ ಮೂರೂ ಇದ್ದ ಮನೆಗಳು ತಾವೂ ಉಂಡು ಬಂದವರಿಗೂ ಇಕ್ಕಿದುವು. ದುಡ್ಡಿದ್ದು ಹದವಿಲ್ಲದ ಎಷ್ಟೋ ಯುವಕರು ಅಕ್ಕಿಯ ಚೀಲದ ಮುಂದೆಯೇ ದಿಕ್ಕುತೋರದೆ ಕುಳಿತಿದ್ದುದೂ ಉಂಟು. ದುಡ್ಡು ಕೈಬಿಟ್ಟ ಹೊತ್ತಿನಲ್ಲಿ ಕೈಯ ವಿದ್ಯೆಯು ಕೈಬಿಡುವುದಿಲ್ಲ. ಆದರೆ ಆ ವಿದ್ಯೆಯು ಒಂದು ತಲೆಮಾರಿನಲ್ಲಿ ಬಳಕೆಯಿಲ್ಲದೆ ಹೋದರೆ ಮುಂದಿನ ತಲೆಮಾರಿಗೆ ಅದನ್ನು ಕಲಿಸುವವರೇ ಇರುವುದಿಲ್ಲ.

ನಿರಾಶರಾಗತಕ್ಕ ಕಾರಣವೇನೂ ಇಲ್ಲವೆಂಬುದಕ್ಕೆ ನಮ್ಮ ನೆರೆಯ ಕೊಪ್ಪಳವೇ ಸಾಕ್ಷಿ. ಅಲ್ಲಿಯ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳವರು ಮನೆಮನೆಯಲ್ಲಿ ಜೋಳದ ರೊಟ್ಟಿಗಳನ್ನು ಬಡಿದು, ಬಂಡಿ ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು, ವಾದ್ಯಗಳೊಡನೆ ಮೆರವಣಿಗೆಯಾಗಿ ತಂದು ಒಪ್ಪಿಸುವರು. ರೊಟ್ಟಿಗಳ ಸಂಖ್ಯೆಯು ಲಕ್ಷಗಳಲ್ಲಿರುವುದು. ಅಷ್ಟು ರೊಟ್ಟಿಗಳನ್ನು ದುಡ್ಡು ಕೊಟ್ಟು ಯಂತ್ರದಿಂದ ಮಾಡಿಸಲು ಬಾರದೆಂದಲ್ಲ. ಆದರೆ ಈ ರೊಟ್ಟಿಯಲ್ಲಿ ನನ್ನ ಮನೆಯ ಜೋಳವಿದೆ, ನನ್ನ ಕೈಯ ಬಡಿತವಿದೆ ಎಂದು ಹಳ್ಳಿಯ ಮುದುಕಿಯೊಬ್ಬಳು ಹೇಳಿಕೊಳ್ಳಬಹುದಾದ ಆ ಹಕ್ಕನ್ನು ಯಾವ ಹಣವೂ ಕೊಡಲಾರದು. ಓಣಿಯವರೆಲ್ಲ ಒಂದೆಡೆ ಕೂಡಿ, ಹಾಡಿಕೊಳ್ಳುತ್ತ ಮಾತನಾಡುತ್ತ ಬಡಿಯುವ ಆ ದಿನಗಳಲ್ಲಿ ಅದೇ ಶ್ರಮವು ಉತ್ಸವವಾಗುವುದು. ಒಬ್ಬಳಿಗೆ ಹೊರೆಯಾದುದು ಹತ್ತು ಜನರಿಗೆ ಹಬ್ಬವಾಗುವುದೆಂಬ ಮರ್ಮವನ್ನು ಆ ಹಳ್ಳಿಗಳವರು ಅರಿತಿರುವರು.

ಭಕ್ತಮಹಾಶಯರೇ, ನಾನು ದೊಡ್ಡ ವ್ರತವನ್ನೇನೂ ತಮ್ಮಲ್ಲಿ ಬೇಡುವುದಿಲ್ಲ. ಅಂಗಡಿಯ ಬಾಗಿಲನ್ನು ತುಳಿಯಬೇಡಿರೆಂದು ಹೇಳುವುದಿಲ್ಲ. ಏನನ್ನಾದರೂ ಕೊಳ್ಳುವ ಮೊದಲು, ಇದನ್ನು ನಮ್ಮ ಕೈ ಮಾಡಬಲ್ಲುದೆ, ನಮಗೆ ಹೊತ್ತಿರುವುದೆ, ಎಂದು ಮನೆಯವರೆಲ್ಲ ಕೂಡಿ ಒಮ್ಮೆ ಯೋಚಿಸಿರಿ. ಕೊಳ್ಳಲೇಬೇಕಾದಾಗ ನಮ್ಮೂರಿನ ತಾಯಿಯೊಬ್ಬಳ ಕಾಯಕಕ್ಕೆ ಆ ದುಡ್ಡು ಸೇರುವಂತೆ ನೋಡಿರಿ. ಎಮ್ಮೆ ಆಕಳುಗಳಿರುವ ಮನೆಯವರು ಹಾಲನ್ನು ಅಳೆಯುವಾಗ ಒಂದು ಸೇರನ್ನು ಮನೆಗೆಂದು ತೆಗೆದಿಡಿರಿ. ಓಣಿಗೊಂದು ಮನೆಯಲ್ಲಾದರೂ ಹೆಪ್ಪು ಇರಲಿ. ಕಡೆಗೋಲನ್ನು ಗಂಡಸರು ಹಿಡಿಯಿರಿ.

ನಮ್ಮ ಮನೆಯಲ್ಲಿ ಈಗ ಒಂದು ಮಣ್ಣಿನ ಗಡಿಗೆಯಿರುವುದು. ಮುಂಜಾನೆಯ ಲಿಂಗಪೂಜೆಯು ಮುಗಿದ ಮೇಲೆ ಮಜ್ಜಿಗೆಯನ್ನು ಕಡೆಯುವ ಕೆಲಸವು ನನ್ನ ಪಾಲಿಗೆ ಬಂದಿರುವುದು. ಮೊದಮೊದಲು ನೆಲದ ಮೇಲೆಯೇ ಹೆಚ್ಚು ಚೆಲ್ಲುತ್ತಿದ್ದಿತು. ಈಗ ಹದವು ಹತ್ತಿದೆ. ಹಾಲಿನ ದುಡ್ಡು ಸ್ವಲ್ಪ ಕಡಮೆಯಾಯಿತು, ನಿಜ. ಆದರೆ ಬೇಸಗೆಯಲ್ಲಿ ದಾರಿಹೋಕರು ಕಟ್ಟೆಯ ಮೇಲೆ ಕುಳಿತರೆ ಅವರು ಕೇಳುವ ಮೊದಲೇ ಒಳಗಿನಿಂದ ಬಟ್ಟಲು ಬರುವುದು. ಅಂದು ನೀರು ಕುಡಿದು ಹೋದ ಆ ಹಿರಿಯರು ಮತ್ತೆ ನಮ್ಮ ಬಾಗಿಲಿಗೆ ಬಂದಿಲ್ಲ. ಬಂದರೆ ಗಡಿಗೆಯು ಸಿದ್ಧವಾಗಿರಬೇಕೆಂಬ ಒಂದೇ ಹಂಬಲದಿಂದ ದಿನವೂ ಕಡೆಯುತ್ತಿರುವೆನು.

ಶ್ರೀಮಠದ ಒಲೆಯು ಆರದಿರಲೆಂದು ನಾವೆಲ್ಲರೂ ಹಾರೈಸುವೆವು. ನಮ್ಮ ನಮ್ಮ ಮನೆಗಳ ಒಲೆಗಳು ಉರಿಯುತ್ತಿರುವ ವರೆಗೆ ಅದು ಆರದು.